ಬಂಡೆಯಿಳಿಯುವ ಬೈಸಿಕಲ್ಲು

ಅಮೆರಿಕದ ಫೀನಿಕ್ಸ್ ನಗರದಲ್ಲಿ ಸೌತ್ ಮೌಂಟನ್ ಎಂಬ, 16,000 ಎಕರೆಗೂ ಮೀರಿದ ಸಂರಕ್ಷಿತ ಮರುಭೂಮಿಯ ಬೆಟ್ಟಸಾಲಿದೆ. ಅಲ್ಲಿ ಸವಾರರು ಮೆಟ್ಟಿಲಿನಂತಹ ಬಂಡೆಗಳ ಮೇಲಿಂದ ಬೈಸಿಕಲ್ಲನ್ನು ಇಳಿಸುವರು. ಅದು ಮುಗ್ಗರಿಸದಿರಲು ಕಾರಣವೇನು?

ಸವಾರ ಮತ್ತು ಬೈಸಿಕಲ್ಲುಗಳ ಒಟ್ಟು ಗುರುತ್ವಕೇಂದ್ರದಿಂದ ನಾವು ಒಂದು ಲಂಬರೇಖೆಯನ್ನು ಎಳೆದೆವೆಂದು ಭಾವಿಸೋಣ. ನಿಧಾನವಾಗಿ ಒಂದೇ ವೇಗದಲ್ಲಿ ಇಳಿಯುವಾಗ ಅದು ಮುಂಚಕ್ರವು ನೆಲ ಮುಟ್ಟುವೆಡೆಗಿಂತ ಹಿಂದೆ ಬೀಳಬೇಕು. ದಾಟಿದರೆ ಸವಾರನು ತಲೆಕೆಳಗಾಗುವನು. ಮುಂದಿನ ಬ್ರೇಕನ್ನು ಥಟ್ಟನೆ ಹಿಡಿದರೆ, ಜಡತ್ವದಿಂದಾಗಿ, ರೇಖೆ ದಾಟುವ ಮೊದಲೇ ಈ ಅನಾಹುತವೊದಗುವುದು. ಆದುದರಿಂದಲೇ ನುರಿತವನು ಪೆಡಲುಗಳ ಮೇಲೆ ನಿಂತು, ಮೊಣಕಾಲು ಬಾಗಿಸಿ, ದೇಹವನ್ನು ತಗ್ಗಿಸಿ ಹಿಂದಕ್ಕೆ ಸರಿಸುವನು.

ಅಳುಕಿದವನು ಬಂಡೆಯನ್ನು ತಪ್ಪಿಸಿ ಪಕ್ಕದ ನೆಲವನ್ನು ತುಳಿದರೆ, ಮರುಭೂಮಿಯ ಮಣ್ಣನ್ನು ಹಿಡಿದಿಟ್ಟಿರುವ ಸೂಕ್ಷ್ಮಜೀವಿಗಳ ಪೊರೆ ಒಡೆಯುವುದು. ಅದು ಮತ್ತೆ ಬೆಳೆಯಲು ದಶಕಗಳೇ ಬೇಕಾಗಬಹುದು. ಬಂಡೆ ದುಸ್ತರವೆನಿಸಿದರೆ ಬೈಸಿಕಲ್ಲನ್ನು ಹೊತ್ತು ಹಾದಿಯಲ್ಲಿಯೇ ನಡೆಯುವುದು ಲೇಸು.