ಗಣಕರಕ್ಷಣೆಯ ಅಭ್ಯಾಸ

ಕನ್ನಡವನ್ನು ಬೋಧಿಸಿ ನಿವೃತ್ತನಾದವನಿಗೂ ಗಣಕಯಂತ್ರಗಳ ಭದ್ರತೆಗೂ ಏನು ನಂಟೆಂದು ನೀವು ಕೇಳಬಹುದು. ರೋಣದ ನಮ್ಮ ಓಣಿಯ ತರುಣನೊಬ್ಬ ಈ ನಂಟನ್ನು ತಂದುಹಾಕಿದ. ಎರಡೆಕರೆ ಎರೆಹೊಲವನ್ನು ಲಾವಣಿಗೆ ಕೊಟ್ಟು ಬಂದ ಹಣದಲ್ಲಿ ತಂದೆ ಅವನನ್ನು ಬೆಂಗಳೂರಿಗೆ ಕಲಿಯಲು ಕಳುಹಿಸಿದ್ದರು. ಪ್ರಮಾಣಪತ್ರ ಬಂದಿತು, ಕೆಲಸ ಬರಲಿಲ್ಲ. ಸಂದರ್ಶನದಲ್ಲಿ ಅವನನ್ನು ಕೆಡವಿದ ಪ್ರಶ್ನೆ ಒಂದೇ: "ಪೋರ್ಟ್ ಎಂಬ ಈ ದ್ವಾರ ತೆರೆದಿದೆಯೆಂದು ನಿನ್ನ ಉಪಕರಣ ಹೇಳುತ್ತದೆ, ಅದಕ್ಕೆ ತಿಳಿದದ್ದು ಹೇಗೆ?"

"ಅದನ್ನ ನಡಸಾಕ ಬರ್ತದ್ರಿ ಸರ, ಅದು ಹೆಂಗ ಹೇಳ್ತದ ಅನ್ನೂದು ಗೊತ್ತಿಲ್ರಿ" ಎಂದ.

ಅವನೊಡನೆ ಕುಳಿತು ನಾನೂ ಕಲಿತೆ. ಉತ್ತರವೇನೂ ಗಹನವಲ್ಲ. ಎರಡು ಗಣಕಗಳು ಮಾತಿಗೆ ತೊಡಗುವ ಮುನ್ನ ಮೂರು ಸಂದೇಶಗಳ ಉಪಚಾರ ನಡೆಯುತ್ತದೆ. ಒಂದು 'ಬರಲೇ' ಎನ್ನುತ್ತದೆ. ಇನ್ನೊಂದು 'ಕೇಳಿತು, ಬಾ' ಎನ್ನುತ್ತದೆ. ಮೊದಲನೆಯದು 'ಆಗಲಿ' ಎನ್ನುತ್ತದೆ. ಉಪಕರಣ ಮೊದಲ ಮಾತನ್ನಾಡಿ ಕಾಯುತ್ತದೆ. 'ಬಾ' ಎಂದು ಬಂದರೆ ದ್ವಾರ ತೆರೆದಿದೆ. ನಿರಾಕರಣೆ ಬಂದರೆ ಮುಚ್ಚಿದೆ. ಏನೂ ಬಾರದಿದ್ದರೆ ಫೈರ್‌ವಾಲ್ ಎಂಬ ಕಾವಲು ನಡುವೆಯೇ ಸಂದೇಶವನ್ನು ನುಂಗಿರಬಹುದು. ಆ ಮೌನವನ್ನು 'ಮುಚ್ಚಿದೆ' ಎಂದು ಓದಿಕೊಂಡವನು ತಪ್ಪು ವರದಿ ಬರೆಯುತ್ತಾನೆ.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳವಿಜ್ಞಾನಿಗೆ ಗಣಕಬಳಕೆಯ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡಿತು. ಬಿಡಿಗಾಸು! ಅವರು ಬಿಡಲಿಲ್ಲ. ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿ, ಒಳನುಸುಳಿದವನು ಒತ್ತಿದ ಅಕ್ಷರಗಳನ್ನೆಲ್ಲ ಕಾಗದಕ್ಕಿಳಿಸಿಕೊಂಡು ದಿನಚರಿ ಬರೆಯುತ್ತ ಹೋದರು. ತಿಂಗಳುಗಳ ಮೇಲೆ ಜಾಡು ಜರ್ಮನಿಯ ಹ್ಯಾನೋವರ್ ಮುಟ್ಟಿತು. ಅಲ್ಲಿದ್ದವನು ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ. ಓಲೆಗರಿಗಳಲ್ಲಿ ಒಂದು ಪಾಠಾಂತರದ ಬೆನ್ನುಹತ್ತಿದವರಿಗೆ ಈ ಹಟ ಹೊಸದೇನಲ್ಲ.

ಹುಡುಗ ಈಗ ಎರಡು ಹಳೆಯ ಗಣಕಗಳನ್ನು ತಂತಿಯಿಂದ ಜೋಡಿಸಿಕೊಂಡಿದ್ದಾನೆ. ಸಂದೇಶಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ಉಚಿತವಾಗಿಯೇ ದೊರೆಯುತ್ತದೆ. ಏನಾಗುವುದೆಂದು ಮೊದಲು ವಹಿಯಲ್ಲಿ ಬರೆದು, ಆಮೇಲೆ ಯಂತ್ರವನ್ನು ನಡೆಸುತ್ತಾನೆ. ಊಹೆ ತಪ್ಪಿದ ದಿನವೇ ಹೆಚ್ಚು ಕಲಿಯುತ್ತಾನೆ. ಅನ್ಯರ ಗಣಕಕ್ಕೆ ಮಾತ್ರ ಕೈಹಚ್ಚಕೂಡದೆಂದು ನನ್ನ ಕಟ್ಟಪ್ಪಣೆ. ಕೆಟ್ಟ ಉದ್ದೇಶದಿಂದ ಅನುಮತಿಯಿಲ್ಲದೆ ಹೊಕ್ಕವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸವುಂಟು.

ಮೊನ್ನೆ ಒಂದು ಗಣಕದ ಕಾವಲನ್ನು ತಾನೇ ಬಿಗಿಮಾಡಿ, "ಸರ, ಮೌನ ಬಂತ್ರಿ!" ಎಂದು ಓಡಿಬಂದ. ಬರುವ ತಿಂಗಳು ಹುಬ್ಬಳ್ಳಿಯಲ್ಲಿ ಮತ್ತೊಂದು ಸಂದರ್ಶನವಿದೆ.