ಗದ್ದಲವಿಲ್ಲದ ಊರಿನ ಗುಟ್ಟು: ಹಾಲೆಂಡಿನ ಹೌಟನ್ ಪಟ್ಟಣ

ಹಾಲೆಂಡ್ ಎಂದೊಡನೆ ನಮ್ಮವರ ಕಣ್ಣೆದುರು ಬಂದು ನಿಲ್ಲುವುದು ಗಾಳಿಯಂತ್ರಗಳು, ಟ್ಯೂಲಿಪ್ ಹೂವಿನ ಹೊಲಗಳು ಮತ್ತು ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳು. ಪ್ರವಾಸ ಕಂಪನಿಯ ಬಸ್ಸಿನಲ್ಲಿ ಹೋದವರಿಗೆ ಇವಿಷ್ಟನ್ನೂ ಎರಡು ದಿನಗಳಲ್ಲಿ ನೋಡಿ ಮುಗಿಸುವುದು ಸಾಧ್ಯ. ಆದರೆ ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿದ್ದು, ಅವರೊಡನೆ ಕೆಲವು ವಾರ ಇದ್ದು ಬರಲೆಂದು ಹೋಗುವ ತಂದೆತಾಯಿಗಳ ಪ್ರವಾಸದ ಬಗೆಯೇ ಬೇರೆ. ಅವರ ಪಾಲಿಗೆ ಒದಗುವುದು ಮಹಾನಗರದ ಹೊರವಲಯದ ಯಾವುದೋ ಒಂದು ಶಾಂತ ಪಟ್ಟಣ. ಅಲ್ಲಿ ಅರಮನೆಯಿಲ್ಲ, ಜಗದ್ವಿಖ್ಯಾತ ವಸ್ತುಸಂಗ್ರಹಾಲಯವಿಲ್ಲ. ಆದರೂ ನೋಡುವ ಕಣ್ಣಿದ್ದವರಿಗೆ ಅಲ್ಲಿ ಕಲಿಯುವುದು ಸಾಕಷ್ಟಿದೆ.

ಮುಂಬಯಿಯ ಮಾಟುಂಗಾದಲ್ಲಿ ಮೂವತ್ತೈದು ವರ್ಷ ಸಂಸಾರ ನಡೆಸಿದ, ಮೂಲತಃ ಧಾರವಾಡದ ಕಡೆಯ ವೃದ್ಧ ದಂಪತಿಗಳು ಒಂದು ವಸಂತಕಾಲದಲ್ಲಿ ಮಗನ ಮನೆಗೆಂದು ಹೋಗಿ ಇಳಿದದ್ದು ಇಂತಹುದೇ ಒಂದು ಊರಿನಲ್ಲಿ. ಅದರ ಹೆಸರು ಹೌಟನ್. ಉಟ್ರೆಕ್ಟ್ ನಗರದಿಂದ ಸುಮಾರು ಒಂಬತ್ತು ಕಿಲೋಮೀಟರ್ ದೂರ. ರೈಲಿನಲ್ಲಿ ಹತ್ತು ನಿಮಿಷದ ಹಾದಿ. ಯಜಮಾನರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಅವರ ಪತ್ನಿಗೆ ಮೊಣಕಾಲು ನೋವು. ಇವೆರಡೂ ವೀಸಾ ಕೇಳದೆ ಅವರೊಡನೆ ಪ್ರಯಾಣ ಮಾಡಿದ್ದವು.

ಮೊದಲ ಬೆಳಗು

ಮೊದಲ ರಾತ್ರಿ ಇಬ್ಬರಿಗೂ ನಿದ್ದೆ ಹತ್ತಲಿಲ್ಲ. ಲೋಕಲ್ ಗಾಡಿಯ ಸದ್ದಿಲ್ಲ, ಹಾರ್ನ್ ಇಲ್ಲ, ಕೆಳಗಿನ ಅಂಗಡಿಯ ಶಟರ್ ಎಳೆಯುವ ಸಪ್ಪಳವಿಲ್ಲ. ಆ ನಿಶ್ಶಬ್ದವೇ ಅವರಿಗೆ ಒಂದು ಬಗೆಯ ಕಿರಿಕಿರಿಯಾಗಿತ್ತು. ಬೆಳಗಾದ ಮೇಲೆ ಕಿಟಕಿಯಿಂದ ಕಂಡದ್ದು ಇಟ್ಟಿಗೆ ಹಾಸಿದ ಚಿಕ್ಕ ಬೀದಿ, ಸಾಲಾಗಿ ನಿಂತ ಮನೆಗಳು, ಒಪ್ಪವಾಗಿ ಕತ್ತರಿಸಿದ ಗಿಡಬೇಲಿ, ಕಾಲುವೆಯ ಅಂಚಿನಲ್ಲಿ ಧ್ಯಾನಸ್ಥನಂತೆ ನಿಂತ ಒಂದು ಬೂದುಬಣ್ಣದ ಬಕಪಕ್ಷಿ. ಎಂಟೂಕಾಲರ ಹೊತ್ತಿಗೆ ಬೀದಿ ತುಂಬಾ ಸೈಕಲ್ಲುಗಳು. ಮಕ್ಕಳು, ತಾಯಂದಿರು, ಕೋಟು ತೊಟ್ಟ ಅಧಿಕಾರಿಗಳು, ಎಪ್ಪತ್ತು ದಾಟಿದ ಮುದುಕಿಯರು, ಎಲ್ಲರೂ ಸೈಕಲ್ಲಿನ ಮೇಲೆಯೇ.

ಒಂಬತ್ತು ವರ್ಷದ ಮೊಮ್ಮಗನೂ ಬೆನ್ನಿಗೆ ಪಾಟೀಚೀಲ ಏರಿಸಿ ತನ್ನ ಸೈಕಲ್ ಹೊರತೆಗೆದಾಗ ಅಜ್ಜಿಯ ಎದೆ ಧಸಕ್ಕೆಂದಿತು.

“ಇಷ್ಟು ಸಣ್ಣ ಹುಡುಗನ್ನ ಒಬ್ಬನ್ನ ಕಳಸ್ತೀಯೇನೋ ತಮ್ಮಾ?” ಎಂದು ಅವರು ಮಗನನ್ನು ಗದರಿದರು.

“ಅವ್ವಾ, ಸಾಲಿಗೆ ಹೋಗೂ ದಾರ್ಯಾಗ ದೊಡ್ಡ ರಸ್ತೆನ ಬರೂದಿಲ್ಲ. ನಾಳೆ ನೀನೂ ಅವನ ಕೂಡ ಹೋಗಿ ನೋಡು,” ಎಂದು ಮಗ ನಕ್ಕನು.

ಆ ತಾಯಿಯ ಭಯ ನಿರಾಧಾರವಾದುದಲ್ಲ. ಮಾಟುಂಗಾದಲ್ಲಿ ಅವರು ತಮ್ಮ ಮಗನನ್ನು ಹತ್ತನೆಯ ಇಯತ್ತೆಯವರೆಗೂ ಕೈಹಿಡಿದೇ ರಸ್ತೆ ದಾಟಿಸಿದ್ದರು. ಮಹಾನಗರದಲ್ಲಿ ಮಕ್ಕಳನ್ನು ಬೆಳೆಸಿದ ಯಾವ ಕನ್ನಡಿಗ ತಾಯಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರದಕ್ಷಿಣೆ ಮತ್ತು ನೇರ ದರ್ಶನ

ಮರುದಿನ ಮೊಮ್ಮಗನು ಸೈಕಲ್ ತಳ್ಳಿಕೊಂಡು, ಅಜ್ಜ ಅಜ್ಜಿಯರು ನಡೆದುಕೊಂಡು ಶಾಲೆಯತ್ತ ಹೊರಟರು. ಕೆಂಪು ಡಾಂಬರಿನ ದಾರಿ ಸೈಕಲ್ಲಿಗೆ ಮೀಸಲು, ಪಕ್ಕದಲ್ಲಿ ಕಾಲುದಾರಿ. ರೈಲುಹಳಿ ಎದುರಾದ ಕಡೆ ದಾರಿಯು ಅದರ ಕೆಳಗೆ ತೂರಿ ಹೋಗುತ್ತದೆ. ಒಂದು ಕಡೆ ನೆಲದ ಮೇಲೆ ಬಿಳಿಯ ತ್ರಿಕೋನಗಳ ಸಾಲು ಕಂಡಿತು. “ಅಜ್ಜೀ, ಇವು ಶಾರ್ಕ್ ಮೀನಿನ ಹಲ್ಲು. ಈ ಹಲ್ಲು ಯಾರ ಕಡೆಗೆ ಮೂತಿ ಮಾಡ್ಯಾವೋ ಅವರು ನಿಲ್ಲಬೇಕು,” ಎಂದು ಹುಡುಗನು ವಿವರಿಸಿದನು. ಅಷ್ಟರಲ್ಲಿ ಬಂದ ಮೋಟಾರೊಂದು ಆ ಹಲ್ಲುಗಳ ಮುಂದೆ ತಾನಾಗಿ ನಿಂತಿತು. ಒಳಗಿದ್ದವನು ಕೈಯೆತ್ತಿ, ಮುಂದೆ ಹೋಗಿರೆಂದು ಸನ್ನೆ ಮಾಡಿದನು. ಮೋಟಾರು ತಮಗಾಗಿ ನಿಂತದ್ದನ್ನು ನಂಬಲು ಅಜ್ಜಿಗೆ ಒಂದು ಕ್ಷಣ ಬೇಕಾಯಿತು.

ಈ ಊರಿನ ರಚನೆಯಲ್ಲಿ ಒಂದು ಜಾಣತನವಿದೆ. 1960ರ ದಶಕದವರೆಗೆ ಹೌಟನ್ ಹಣ್ಣಿನ ತೋಟಗಳ ನಡುವಣ ಒಂದು ಸಣ್ಣ ಹಳ್ಳಿಯಾಗಿತ್ತು. ಉಟ್ರೆಕ್ಟ್ ನಗರದ ಜನಸಂಖ್ಯೆಯ ಒತ್ತಡವನ್ನು ಹಂಚಿಕೊಳ್ಳಲು ಇದನ್ನು ಬೆಳೆಸಬೇಕೆಂದು ಸರಕಾರವು ನಿರ್ಧರಿಸಿದಾಗ, ಯೋಜನೆಯ ಹೊಣೆ ರಾಬ್ ಡರ್ಕ್ಸ್ ಎಂಬ ವಾಸ್ತುಶಿಲ್ಪಿಯ ಪಾಲಿಗೆ ಬಂದಿತು. ಮೋಟಾರುಗಳ ಯುಗ ಭರದಿಂದ ಬರುತ್ತಿದ್ದ ಆ ಕಾಲದಲ್ಲಿ ಅವರು ಊರನ್ನು ಸೈಕಲ್ಲಿಗಾಗಿ ಯೋಜಿಸಿದರು. ಊರಿನ ಸುತ್ತ ಒಂದು ವರ್ತುಲ ರಸ್ತೆ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮೋಟಾರಿನಲ್ಲಿ ಹೋಗಬೇಕೆಂದರೆ ಸಾಮಾನ್ಯವಾಗಿ ಮೊದಲು ಈ ವರ್ತುಲಕ್ಕೆ ಹೊರಬಂದು, ಬಳಸಿ, ಮತ್ತೆ ಒಳಹೋಗಬೇಕು. ಸೈಕಲ್ ಸವಾರನಿಗೂ ಪಾದಚಾರಿಗೂ ಊರಿನ ನಡುವಿನಿಂದ ನೇರ ದಾರಿ. ನಮ್ಮ ದೇವಾಲಯಗಳ ಭಾಷೆಯಲ್ಲಿ ಹೇಳುವುದಾದರೆ, ಮೋಟಾರಿಗೆ ಹೊರಪ್ರಾಕಾರದ ಪ್ರದಕ್ಷಿಣೆ, ಸೈಕಲ್ಲಿಗೆ ನೇರ ದರ್ಶನ. ಬಡಾವಣೆಯೊಳಗೆ ಮೋಟಾರಿನ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಕೆಲವು ಬೀದಿಗಳಲ್ಲಿ ‘ಇಲ್ಲಿ ಮೋಟಾರು ಅತಿಥಿ’ ಎಂಬರ್ಥದ ಫಲಕವೇ ಇದೆ.

ಇಂದು ಇಲ್ಲಿ ಸುಮಾರು 50,000 ಜನರಿದ್ದಾರೆ. ರೈಲು ನಿಲ್ದಾಣದ ಅಡಿಯಲ್ಲಿಯೇ ಸುಮಾರು 3,000 ಸೈಕಲ್ಲುಗಳನ್ನು ಇಡುವ ತಾಣವಿದೆ. ಸೈಕಲ್ ಇಟ್ಟು ಮೆಟ್ಟಿಲೇರಿದರೆ ರೈಲು. 2008ರಲ್ಲಿಯೂ ಮತ್ತೆ 2018ರಲ್ಲಿಯೂ ಹೌಟನ್ನಿಗೆ ಆ ದೇಶದ ‘ಸೈಕಲ್ ನಗರ’ ಪ್ರಶಸ್ತಿ ಸಂದಿತು.

ಶಾಂತಿಯ ಹಿಂದಿನ ಕಣ್ಣೀರು

ಇದನ್ನೆಲ್ಲ ಕಂಡ ನಮ್ಮವರು ಸಾಮಾನ್ಯವಾಗಿ ಹೇಳುವ ಮಾತೊಂದುಂಟು: “ಅವರು ಹುಟ್ಟಾ ಶಿಸ್ತಿನ ಜನ, ನಮ್ಮಲ್ಲಿ ಇದೆಲ್ಲ ಆಗದು.” ಇತಿಹಾಸವನ್ನು ತೆರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಎರಡನೆಯ ಮಹಾಯುದ್ಧದ ನಂತರ ಹಾಲೆಂಡಿನಲ್ಲಿ ಹಣ ಹರಿಯಿತು, ಮೋಟಾರುಗಳು ಹೆಚ್ಚಿದವು. ಅವುಗಳಿಗೆ ದಾರಿ ಮಾಡಲು ಹಳೆಯ ಬೀದಿಗಳು ಅಗಲವಾದವು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತರ ಪುಟ್ಟ ಮಗಳು ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಮೋಟಾರಿಗೆ ಬಲಿಯಾದಳು. 1972ರಲ್ಲಿ ಅವರು ‘ದ ಟೈಡ್’ ಪತ್ರಿಕೆಯಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ತಲೆಬರಹದ ಲೇಖನವನ್ನು ಬರೆದರು. ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ತಾಯಿತಂದೆಯರೂ ಮಕ್ಕಳೂ ರಸ್ತೆಗೆ ಇಳಿದು, ಬೀದಿಗಳನ್ನು ಮುಚ್ಚಿ, ಆಟಕ್ಕೆ ಜಾಗ ಕೇಳಿದರು. ಮರುವರ್ಷ ತೈಲದ ಬಿಕ್ಕಟ್ಟು ಬಂದಿತು. 1973ರ ನವೆಂಬರ್ 4ರಿಂದ ಭಾನುವಾರಗಳಂದು ಮೋಟಾರು ಸಂಚಾರವನ್ನೇ ಸರಕಾರ ನಿಷೇಧಿಸಿತು. ಮೋಟಾರಿಲ್ಲದ ರಸ್ತೆಯಲ್ಲಿ ಓಡಾಡುವ ಸುಖ ಏನೆಂಬುದು ಜನಕ್ಕೆ ಅನುಭವದಿಂದಲೇ ತಿಳಿಯಿತು. 1976ರಲ್ಲಿ, ಮೋಟಾರು ನಡಿಗೆಯ ವೇಗದಲ್ಲಿಯೇ ಸಾಗಬೇಕಾದ ‘ವಾಸದ ಬೀದಿ’ಗಳಿಗೆ ಕಾನೂನಿನ ಮನ್ನಣೆ ದೊರೆಯಿತು. ಮುಂದೆ ಹೊಣೆಗಾರಿಕೆಯ ಕಾಯಿದೆಯೂ ಬಿಗಿಯಾಯಿತು. ಹದಿನಾಲ್ಕು ವರ್ಷದೊಳಗಿನ ಪಾದಚಾರಿ ಅಥವಾ ಸೈಕಲ್ ಸವಾರನಿಗೆ ಮೋಟಾರು ತಾಗಿದರೆ, ಪರಿಹಾರದ ಭಾರ ಬಹುತೇಕ ಪೂರ್ತಿಯಾಗಿ ಮೋಟಾರಿನವನ ಮೇಲೆಯೇ ಬೀಳುತ್ತದೆ.

ಲೆಕ್ಕವನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ. ಲಕ್ಷ ಜನಸಂಖ್ಯೆಗೆ ಸುಮಾರು 12. ಹಾಲೆಂಡಿನಲ್ಲಿ 2023ರ ಸಂಖ್ಯೆ 684. ಲಕ್ಷಕ್ಕೆ ಸುಮಾರು 4. ಆದರೆ 1971ರಲ್ಲಿ ಅದೇ ಹಾಲೆಂಡಿನಲ್ಲಿ ಈ ಪ್ರಮಾಣ ಲಕ್ಷಕ್ಕೆ ಸುಮಾರು 25 ಇತ್ತು, ಅಂದರೆ ನಮ್ಮ ಈಗಿನ ಪ್ರಮಾಣದ ಇಮ್ಮಡಿ. ಇಂದಿನ ನಮ್ಮ ಸ್ಥಿತಿಗಿಂತ ಕೆಟ್ಟ ಸ್ಥಿತಿಯಿಂದ ಆ ಜನ ಹೊರಟರು. ಹೌಟನ್ನಿನ ಶಾಂತಿ ಅವರಿಗೆ ಹುಟ್ಟಿನಿಂದ ಬಂದ ಆಸ್ತಿಯಲ್ಲ. ಬೆಲೆ ತೆತ್ತು, ಹಟ ಹಿಡಿದು ಗಳಿಸಿದ್ದು.

ದೇಹಕ್ಕೆ ದೊರೆತ ಬಡ್ಡಿ

ಮೊಮ್ಮಗನನ್ನು ಶಾಲೆಗೆ ಮುಟ್ಟಿಸಿ ಬರುವುದು ಅಜ್ಜ ಅಜ್ಜಿಯರ ನಿತ್ಯಕರ್ಮವಾಯಿತು. ಬೆಳಗಿನ ಮತ್ತು ಮಧ್ಯಾಹ್ನದ ಹೋಗಿಬರುವಿಕೆ ಸೇರಿ ದಿನಕ್ಕೆ ಒಂದು ಗಂಟೆಯ ನಡಿಗೆ. ಮೂರನೆಯ ವಾರದ ಹೊತ್ತಿಗೆ ಯಜಮಾನರ ಊಟದ ನಂತರದ ಸಕ್ಕರೆಯ ಅಂಕಿ ಇಳಿಮುಖವಾಗಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿ ಬಳಸುತ್ತವೆ. ದಿನವೂ ದುಡಿಯುವ ಸ್ನಾಯುವಿನ ಮೇಲೆ ಇನ್ಸುಲಿನ್ ಹೆಚ್ಚು ಪರಿಣಾಮಕಾರಿಯಾಗಿ ಕೆಲಸ ಮಾಡುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂತಹ ಮಧ್ಯಮ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿರುವುದನ್ನು ನೆನೆದರೆ ಈ ಸಲಹೆಯ ಮಹತ್ವವು ಮನವರಿಕೆಯಾದೀತು.

ಆದರೆ ನಡಿಗೆ ಹೆಚ್ಚಿತೆಂದು ಮಾತ್ರೆಯನ್ನು ತಾವಾಗಿ ಬಿಡುವುದು ಅಪಾಯಕರ. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಸಕ್ಕರೆ ದಿಢೀರನೆ ಕುಸಿಯಬಹುದು. ಕಿಸೆಯಲ್ಲಿ ನಾಲ್ಕು ಸಕ್ಕರೆ ತುಂಡುಗಳಿರುವುದು ಲೇಸು. ಮೊಣಕಾಲು ನೋವಿನವರು ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಆರಂಭಿಸಬೇಕು. ಸೈಕಲ್ಲಿನಲ್ಲಿ ದೇಹದ ಭಾರವನ್ನು ಬಹುಮಟ್ಟಿಗೆ ಆಸನವೇ ಹೊರುವುದರಿಂದ, ಅಭ್ಯಾಸವಿದ್ದವರ ಮೊಣಕಾಲಿಗೆ ಅದು ಹಿತವೆನಿಸುತ್ತದೆ.

ನಿದ್ದೆಯೂ ಸುಧಾರಿಸಿತು. ಮಲಗಿದವನಿಗೆ ಹಾರ್ನಿನ ಸದ್ದಿನಿಂದ ಎಚ್ಚರವಾಗದಿದ್ದರೂ ಅವನ ಹೃದಯದ ಬಡಿತ ಹೆಚ್ಚುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡಕ್ಕೂ ಹೃದ್ರೋಗಕ್ಕೂ ಅದು ದಾರಿಯಾಗುತ್ತದೆ. ರಾತ್ರಿಯ ಹೊರಗಿನ ಸದ್ದು ಸರಾಸರಿ 40 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಶಾಖೆಯು 2009ರಲ್ಲಿ ಸೂಚಿಸಿತು. ಹೆದ್ದಾರಿಯ ಬದಿಯಲ್ಲಿ ಮನೆ ಮಾಡಿರುವ ನಮ್ಮವರು ಈ ಅಂಕಿಯನ್ನು ಓದಿ ನಿಟ್ಟುಸಿರು ಬಿಡದೆ ಇರಲಾರರು.

ಕೊರತೆಗಳೂ ಉಂಟು

ಹೌಟನ್ ಭೂಲೋಕದ ಸ್ವರ್ಗವೇನೂ ಅಲ್ಲ. ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ಮಾತನಾಡಿಸುವವರಿಲ್ಲದೆ ಅಜ್ಜಿಗೆ ಬೇಸರ ಕವಿಯುತ್ತಿತ್ತು. ಎದುರಾದವರು ನಗುಮುಖದಿಂದ ವಂದಿಸುತ್ತಿದ್ದರು, ಮುಂದೆ ಸಾಗುತ್ತಿದ್ದರು. ಹೇಳದೆ ಕೇಳದೆ ನೆರೆಮನೆಗೆ ಹೋಗಿ ಕೂಡುವ ಪದ್ಧತಿ ಅಲ್ಲಿಲ್ಲ. ಮಾಟುಂಗಾದ ಚಾಳಿನ ಪಡಸಾಲೆಯನ್ನು ಅವರು ಎಷ್ಟೋ ಸಲ ನೆನೆದರು. ಸೈಕಲ್ ಸವಾರಿಯೂ ಅಪಾಯರಹಿತವಲ್ಲ. 2023ರಲ್ಲಿ ಹಾಲೆಂಡಿನ ರಸ್ತೆಗಳಲ್ಲಿ ಸತ್ತ 684 ಮಂದಿಯಲ್ಲಿ 270 ಮಂದಿ ಸೈಕಲ್ ಸವಾರರು. ಅವರಲ್ಲಿ ವಯೋವೃದ್ಧರ ಪಾಲು ದೊಡ್ಡದು. ವಿದ್ಯುತ್ ಸೈಕಲ್ಲಿನ ವೇಗಕ್ಕೆ ಒಗ್ಗದ ವೃದ್ಧರು ಬೀಳುವುದು ಅಲ್ಲಿನವರಿಗೂ ಚಿಂತೆಯ ವಿಷಯವಾಗಿದೆ. ಆದ್ದರಿಂದ ನಮ್ಮ ಹಿರಿಯರು ಹುಮ್ಮಸ್ಸಿನಿಂದ ಇಂತಹ ಸೈಕಲ್ ಏರದಿರುವುದು ಕ್ಷೇಮ.

ಹೋಗುವವರಿಗೆ ನಾಲ್ಕು ಮಾತು

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಹಳೆಯ ಕಾಯಿಲೆಗಳಿಗೆ ಆ ವಿಮೆ ಅನ್ವಯಿಸುವುದೇ ಎಂಬುದನ್ನು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಓದಿಯೇ ಸಹಿ ಹಾಕಬೇಕು. ಇರುವಷ್ಟು ದಿನಗಳಿಗೆ ಸಾಕಾಗುವ ಔಷಧಿಯನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಅಲ್ಲಿ ಸಾಮಾನ್ಯ ಕಾಯಿಲೆಗೆ ನೇರವಾಗಿ ಆಸ್ಪತ್ರೆಗೆ ಹೋಗುವ ವಾಡಿಕೆಯಿಲ್ಲ. ಮೊದಲು ಕುಟುಂಬ ವೈದ್ಯರನ್ನು ಕಾಣಬೇಕು. ಪ್ರಾಣಾಪಾಯದ ಸಂದರ್ಭದಲ್ಲಿ ಕರೆಯಬೇಕಾದ ದೂರವಾಣಿ ಸಂಖ್ಯೆ 112. ಇನ್ನು ಕೆಂಪು ಬಣ್ಣದ ಸೈಕಲ್ ದಾರಿಯಲ್ಲಿ ನಿಂತು ಫೋಟೋ ತೆಗೆಯಬಾರದು. ಅಲ್ಲಿನ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ದಾಟುವಾಗ ಮೊದಲು ಎಡಕ್ಕೆ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಮರಳಿದ ಮೇಲೆ

ಎರಡು ತಿಂಗಳು ಕಳೆದು ದಂಪತಿಗಳು ಮಾಟುಂಗಾಕ್ಕೆ ಮರಳಿದರು. ಅಜ್ಜಿಗೆ ಪಡಸಾಲೆಯ ಹರಟೆ ಮತ್ತೆ ದೊರೆಯಿತು. ಆದರೆ ನಡಿಗೆಯನ್ನು ಅವರಿಬ್ಬರೂ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ, ವಾಹನಗಳ ಭರಾಟೆ ಏರುವ ಮುನ್ನ, ಫೈವ್ ಗಾರ್ಡನ್ಸಿನ ಮರಗಳ ಅಡಿಯಲ್ಲಿ ಸುತ್ತು ಹಾಕುತ್ತಾರೆ.

ಮನೆಯ ಸಮೀಪದ ಶಾಲೆಯೊಂದರ ಮುಂದೆ ರಸ್ತೆ ದಾಟುವ ಪಟ್ಟೆಗಳು ಮಾಸಿ, ಗುರುತೇ ಸಿಗದಂತಾಗಿದ್ದವು. ಹತ್ತಾರು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ಯಜಮಾನರು ಅದನ್ನು ಗಮನಿಸಿರಲಿಲ್ಲ. ಈಗ ಅವರು ಒಂದು ಅರ್ಜಿ ಬರೆದು, ಕಟ್ಟಡದ ಇಪ್ಪತ್ತೆರಡು ಮನೆಗಳವರ ಸಹಿ ಪಡೆದು, ವಾರ್ಡ್ ಕಚೇರಿಗೆ ತಾವೇ ಒಯ್ದು ಕೊಟ್ಟರು. ಒಂದು ತಿಂಗಳು ಉತ್ತರವಿರಲಿಲ್ಲ. ನೆನಪೋಲೆಯನ್ನು ಬರೆದು ಮತ್ತೊಮ್ಮೆ ಕೊಟ್ಟು ಬಂದರು.

“ಪಟ್ಟೆ ಬಳದ್ರ ಮೋಟಾರು ನಿಲ್ತಾವೇನ್ರೀ?” ಎಂದು ಪತ್ನಿ ಕೇಳಿದರು.

“ಅಲ್ಲೂ ಮೊದಲ ನಿಲ್ತಿದ್ದಿಲ್ಲ,” ಎಂದರು ಯಜಮಾನರು, ಅರ್ಜಿಯ ನಕಲನ್ನು ಫೈಲಿಗೆ ಸೇರಿಸುತ್ತಾ.