ಮರೆವಿನ ಕಾಯಿಲೆಯ ಮನೆಗಳಿಗೆ ಗ್ರಾಮ ಪಂಚಾಯಿತಿಯ ಆಸರೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ಗ್ರಾಮಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ವೃದ್ಧರ ಮರೆವನ್ನು ಸಹನೆಯಿಂದ ಕಾಣಲು ಈ ಮಾತು ನೆರವಾಗಿರುವುದು ನಿಜ. ಆದರೆ ಇದೇ ಮಾತಿನ ಮರೆಯಲ್ಲಿ ಡಿಮೆನ್ಷಿಯಾ ಎಂಬ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ರೋಗಿಯನ್ನು ನೋಡಿಕೊಳ್ಳುವವರ ಕಷ್ಟವೂ ಅಷ್ಟೇ ಕಾಲ ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ಕಾಯಿಲೆಯ ಸ್ವರೂಪ

ಹಗ್ಗವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯೋಸಹಜ. ಜೀವನವಿಡೀ ನಡೆದ ಹೊಲದ ದಾರಿ ತಪ್ಪುವುದು, ಒಲೆ ಹಚ್ಚುವ ಕ್ರಮವೇ ತಿಳಿಯದಂತಾಗುವುದು, ಸ್ವಂತ ಮಗಳ ಗುರುತು ಹತ್ತದಿರುವುದು ಕಾಯಿಲೆಯ ಲಕ್ಷಣಗಳು. ಮಿದುಳಿನ ಜೀವಕೋಶಗಳು ಕ್ರಮೇಣ ನಾಶವಾಗುವುದರಿಂದ ನೆನಪು, ವಿವೇಚನೆ, ಮಾತು ಮತ್ತು ನಡವಳಿಕೆ ಕುಂದುತ್ತವೆ. ಆಲ್ಝೈಮರ್ ಕಾಯಿಲೆ ಇದಕ್ಕೆ ಪ್ರಮುಖ ಕಾರಣ. ಪಾರ್ಶ್ವವಾಯುವಿನಿಂದಲೂ ಇದು ಬರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮತ್ತು ಮೇಲ್ಪಟ್ಟವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನಗರಗಳಿಗಿಂತ ಗ್ರಾಮಗಳಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಇದರ ಪ್ರಮಾಣ ಹೆಚ್ಚು.

ಆರೈಕೆಯ ಹೊರೆ

ಈ ಕಾಯಿಲೆಯ ಆರೈಕೆ ಹಲವು ವರ್ಷಗಳ ಕೆಲಸ. ರೋಗಿ ರಾತ್ರಿ ಎದ್ದು ಓಡಾಡಬಹುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಬಹುದು, ಸ್ನಾನಕ್ಕೆ ಒಪ್ಪದಿರಬಹುದು, ಸಂಜೆಯಾದಂತೆ ಗಾಬರಿಗೊಂಡು ಮನೆ ಬಿಟ್ಟು ಹೊರಡಬಹುದು. ಈ ಹೊಣೆ ಬಹುತೇಕ ಮನೆಗಳಲ್ಲಿ ಹೆಂಡತಿ, ಸೊಸೆ ಅಥವಾ ಮಗಳ ಮೇಲೆ ಬೀಳುತ್ತದೆ. ಕೂಲಿ ತಪ್ಪುತ್ತದೆ, ಸ್ವಸಹಾಯ ಸಂಘದ ಸಭೆ ತಪ್ಪುತ್ತದೆ, ತವರಿನ ಮದುವೆಗೂ ಹೋಗಲಾಗುವುದಿಲ್ಲ. ನಿದ್ರೆಯಿಲ್ಲದ ಆರೈಕೆದಾರರು ಖಿನ್ನತೆಗೆ ಒಳಗಾಗುತ್ತಾರೆ. ತಮ್ಮ ರಕ್ತದೊತ್ತಡದ ಮಾತ್ರೆಯನ್ನೂ ಮರೆಯುತ್ತಾರೆ.

ಇದರ ಜೊತೆಗೆ ಅಪವಾದವೂ ಬರುತ್ತದೆ. ಊಟ ಮಾಡಿದ್ದನ್ನು ಮರೆತ ವೃದ್ಧೆ ‘ಸೊಸೆ ಅನ್ನ ಹಾಕಲಿಲ್ಲ’ ಎಂದು ನೆರೆಮನೆಯಲ್ಲಿ ಹೇಳುತ್ತಾರೆ. ಪಿಂಚಣಿ ಹಣವನ್ನು ಎಲ್ಲೋ ಇಟ್ಟು ಮರೆತವರು ಮಗನನ್ನು ಕಳ್ಳನೆನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಪಾಲಿಗೆ ಆ ಊಟ ನಡೆದೇ ಇಲ್ಲ. ಇಂತಹ ದೂರು ಮೊದಲು ತಲುಪುವುದು ವಾರ್ಡಿನ ಸದಸ್ಯರನ್ನು. ಹಿಂದುಮುಂದು ವಿಚಾರಿಸದೆ ಆಡಿದ ಒಂದು ಬುದ್ಧಿಮಾತು, ಹಗಲಿರುಳು ದುಡಿಯುತ್ತಿರುವವರನ್ನು ಊರಿನ ಮುಂದೆ ಅಪರಾಧಿಯಾಗಿಸಬಲ್ಲದು. ಹಾಗೆಂದು ನಿಜವಾದ ನಿರ್ಲಕ್ಷ್ಯವನ್ನು ಕಡೆಗಣಿಸುವಂತಿಲ್ಲ. ದೂರು ಬಂದಾಗ ಸದಸ್ಯರು ಆಶಾ ಕಾರ್ಯಕರ್ತೆಯೊಂದಿಗೆ ಮನೆಗೆ ಭೇಟಿ ನೀಡಿ, ವೃದ್ಧರ ದೇಹಸ್ಥಿತಿಯನ್ನೂ ಮರೆವಿನ ಲಕ್ಷಣಗಳನ್ನೂ ಗಮನಿಸುವುದು ಸೂಕ್ತ. ನಿರ್ಲಕ್ಷ್ಯ ಕಂಡುಬಂದಲ್ಲಿ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಮೊರೆ ಹೋಗಲು ಅವಕಾಶವಿದೆ.

ಸದಸ್ಯರು ಮಾಡಬಹುದಾದುದು

ಮೊದಲನೆಯದು, ತಪಾಸಣೆ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಗಳ ಅಡ್ಡಪರಿಣಾಮ ಇವುಗಳಿಂದ ಉಂಟಾದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಕುಟುಂಬಕ್ಕೆ ನೆರವಾಗಬೇಕು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯದಲ್ಲಿ 2022ರಲ್ಲಿ ಆರಂಭವಾದ ಮಿದುಳು ಆರೋಗ್ಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಡಿಮೆನ್ಷಿಯಾ ಕೂಡ ಸೇರಿದೆ. ಮುಂದಿನ ತಪಾಸಣೆಯ ಬಗ್ಗೆ ವೈದ್ಯಾಧಿಕಾರಿಗಳಿಂದ ಮಾಹಿತಿ ಪಡೆಯಬಹುದು.

ಎರಡನೆಯದು, ಬಿಡುವು. ದುಡಿಯುವ ತಾಯಂದಿರ ಮಕ್ಕಳಿಗೆ ‘ಕೂಸಿನ ಮನೆ’ ಹಗಲಿನ ಆಸರೆಯಾಗಿದೆ. ವೃದ್ಧರನ್ನು ನೋಡಿಕೊಳ್ಳುವವರಿಗೆ ಅಂತಹ ಆಸರೆ ವಿರಳ. ನಂಬಿಕೆಯ ನೆರೆಯವರು ಅಥವಾ ಸ್ವಸಹಾಯ ಸಂಘದ ಸದಸ್ಯೆಯರು ಸರದಿಯಂತೆ ವಾರಕ್ಕೆ ಎರಡು ಬಾರಿ, ಎರಡೆರಡು ಗಂಟೆ ರೋಗಿಯ ಬಳಿ ಕುಳಿತರೂ ಆರೈಕೆದಾರರು ಸಂತೆಗೋ ಆಸ್ಪತ್ರೆಗೋ ಹೋಗಿಬರಬಹುದು, ಇಲ್ಲವೇ ನಿದ್ರಿಸಬಹುದು. ಇದಕ್ಕೆ ಅನುದಾನ ಬೇಕಿಲ್ಲ. ಕೇಳಿ ಒಪ್ಪಿಸುವವರು ಬೇಕು.

ಮೂರನೆಯದು, ಸುರಕ್ಷತೆ. ರೋಗಿ ವಾಸಿಸುವ ಬೀದಿಯ ದೀಪ ಉರಿಯುವಂತೆ, ಸಮೀಪದ ತೆರೆದ ಬಾವಿ ಮತ್ತು ಕೃಷಿ ಹೊಂಡಗಳಿಗೆ ತಡೆ ಇರುವಂತೆ ನೋಡಿಕೊಳ್ಳಬೇಕು. ಕುಟುಂಬ ಒಪ್ಪಿದಲ್ಲಿ ಅಂಗಡಿಯವರಿಗೂ ಬಸ್ ನಿಲ್ದಾಣದ ಬಳಿ ಇರುವವರಿಗೂ ವಿಷಯ ತಿಳಿಸಿಡಬೇಕು. ರೋಗಿ ಕಾಣೆಯಾದರೆ ತಡಮಾಡದೆ 112ಕ್ಕೆ ಕರೆ ಮಾಡಬೇಕು.

ನಾಲ್ಕನೆಯದು, ಆಸ್ತಿ ಮತ್ತು ಹಣ. ವ್ಯವಹಾರದ ಅರ್ಥ ಗ್ರಹಿಸಲಾಗದವರಿಂದ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿಸುವುದು ಅನ್ಯಾಯ. ಅಂತಹ ಪತ್ರಕ್ಕೆ ಸದಸ್ಯರು ಸಾಕ್ಷಿಯಾಗಬಾರದು. ಅರ್ಹರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ನಿಲ್ಲದೆ ತಲುಪುತ್ತಿದೆಯೇ ಎಂಬುದನ್ನು ಪರಿಶೀಲಿಸಬೇಕು.

ಸಹಾಯವಾಣಿಗಳು

ಆರೈಕೆದಾರರು ತಮ್ಮ ಮನೋವೇದನೆಯನ್ನು ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಈ ಸಂಖ್ಯೆಗಳನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸುವುದು ಉಪಯುಕ್ತ.

ವಾರ್ಡ್ ಸಭೆಯಲ್ಲಿ ಕಾಯಿಲೆಯ ಬಗ್ಗೆ ತಿಳಿವಳಿಕೆ ನೀಡಬೇಕೇ ಹೊರತು ರೋಗಿಗಳ ಹೆಸರನ್ನು ಓದಬಾರದು. ಅಂತಹ ಮನೆಗೆ ಭೇಟಿ ನೀಡಿದಾಗ ರೋಗಿ ಹೇಗಿದ್ದಾರೆಂದು ಎಲ್ಲರೂ ಕೇಳುತ್ತಾರೆ. ನೋಡಿಕೊಳ್ಳುವವರು ಹೇಗಿದ್ದಾರೆ, ರಾತ್ರಿ ಎಷ್ಟು ಹೊತ್ತು ಮಲಗಿದರು ಎಂಬುದನ್ನೂ ಸದಸ್ಯರು ಕೇಳಬೇಕು.